ದಂಡಿನೂರು, ಮನೆಯೂರು: ಮಿರಜ–ಸಾಂಗಲಿ ಸೀಮೆಯಲ್ಲಿ ಸೇವೆ ಮತ್ತು ವಾಸ

ಮಿರಜ ಮತ್ತು ಸಾಂಗಲಿಗಳ ನಡುವೆ ಇರುವುದು ಸುಮಾರು ಹತ್ತು ಕಿಲೋಮೀಟರು ದೂರ. 1998ರಲ್ಲಿ ಈ ಎರಡು ಊರುಗಳನ್ನು ಕುಪವಾಡದೊಡನೆ ಕೂಡಿಸಿ ಒಂದೇ ಮಹಾನಗರಪಾಲಿಕೆಯನ್ನು ರಚಿಸಲಾಯಿತು. ಆಡಳಿತ ಒಂದಾದರೂ ಊರುಗಳು ಒಂದಾಗಲಿಲ್ಲ. ಮಿರಜಕ್ಕೆ ಅದರದೇ ಕೋಟೆ, ಮೀರಾಸಾಹೇಬರ ದರ್ಗಾ, ರೈಲು ಜಂಕ್ಷನ್. ಸಾಂಗಲಿಗೆ ಅದರದೇ ಕೋಟೆ, ಗಣಪತಿ ಗುಡಿ, ಕೃಷ್ಣೆಯ ಘಾಟು. ಒಂದೇ ಪಟವರ್ಧನ ಮನೆತನದವರು ಎರಡು ಹರದಾರಿಯ ಅಂತರದಲ್ಲಿ ಎರಡು ರಾಜಧಾನಿಗಳನ್ನು ಕಟ್ಟಿಕೊಂಡದ್ದೇಕೆ ಎಂದು ಕೇಳಿದರೆ ಇತಿಹಾಸದ ಪುಸ್ತಕಗಳು ದಾಯಾದಿ ಕಲಹದ ಕಡೆ ಬೆರಳು ತೋರಿಸುತ್ತವೆ. ಆ ಉತ್ತರ ತಪ್ಪಲ್ಲ. ಆದರೆ ಅದು ಅರಮನೆಯ ಉತ್ತರ. ಕೋಟೆಯಲ್ಲಿ ಚಾಕರಿ ಮಾಡುತ್ತಿದ್ದವರ ಕಡೆಯಿಂದ ನೋಡಿದರೆ ಪ್ರಶ್ನೆಯ ರೂಪವೇ ಬದಲಾಗುತ್ತದೆ. ದಂಡಿನ ಠಾಣೆ ಒಂದು ಊರಿನಲ್ಲಿರುವಾಗ ಅಲ್ಲಿ ದುಡಿಯುವವನು ತನ್ನ ಮನೆಯನ್ನು ಎಲ್ಲಿ ಮಾಡಬೇಕು? ಠಾಣೆಗೆ ಎಷ್ಟು ಹತ್ತಿರ, ಎಷ್ಟು ದೂರ, ಯಾರ ಆಳ್ವಿಕೆಯ ನೆಲದಲ್ಲಿ? ಈ ಸೀಮೆಯ ಜನ ಎರಡೂವರೆ ಶತಮಾನಗಳ ಕಾಲ ಈ ಪ್ರಶ್ನೆಗೆ ಕೊಟ್ಟುಕೊಂಡ ಉತ್ತರಗಳು ಇಲ್ಲಿನ ಊರುಗಳ ರಚನೆಯಲ್ಲಿ ಉಳಿದಿವೆ. ಕನ್ನಡ–ಮರಾಠಿ ಗಡಿಯನ್ನು ಕುರಿತ ಚರ್ಚೆಯಲ್ಲಿ ಮಾತ್ರ ಅವುಗಳಿಗೆ ಸಿಗಬೇಕಾದಷ್ಟು ಗಮನ ಸಿಕ್ಕಿಲ್ಲ.

ಮಿರಜ ಮೊದಲಿನಿಂದಲೂ ಠಾಣೆಯ ಊರು. ಚಾಲುಕ್ಯ ಮತ್ತು ಶಿಲಾಹಾರರ ಕಾಲದ ಶಾಸನಗಳು ಅದನ್ನು ಮಿರಿಂಜೆಯೆಂದು ಕರೆಯುತ್ತವೆ. ಮಿರಿಂಜೆ ಮೂರುಸಾವಿರವೆಂಬುದು ಒಂದು ನಾಡಿನ ಹೆಸರು. ಆಗಲೇ ಅದು ವೀರಬಣಂಜುಗಳ ವ್ಯಾಪಾರದ ದಾರಿಯ ಮೇಲಿದ್ದ ಪಟ್ಟಣ. ಬಹಮನಿ, ಆದಿಲಶಾಹಿ, ಮೊಗಲ ಆಳ್ವಿಕೆಗಳನ್ನು ದಾಟಿ 1739ರಲ್ಲಿ ಛತ್ರಪತಿ ಶಾಹುವಿನ ಕೈಸೇರಿತು. ಇದಕ್ಕೂ ಮೊದಲು 1659–60ರಲ್ಲಿ ಶಿವಾಜಿ ಅದನ್ನು ಮುತ್ತಿ, ತೆಗೆದುಕೊಳ್ಳಲಾಗದೆ ಪನ್ಹಾಳದ ಕಡೆಗೆ ಹೊರಳಿದ್ದನು. ಬಯಲಿನ ನಡುವೆ ನಿಂತ ಈ ನೆಲಗೋಟೆಗೆ ಗಿರಿದುರ್ಗಗಳ ಗಾಂಭೀರ್ಯವಿಲ್ಲ. ಕೃಷ್ಣೆಯ ಆಚೆಯಿಂದ ಕರ್ನಾಟಕದ ಕಡೆಗೆ ಹೊರಟ ದೊಡ್ಡ ಸೈನ್ಯ ತಂಗಿ, ಮೇವು ತುಂಬಿಕೊಂಡು, ಮುಂದಕ್ಕೆ ಸಾಗಲು ಬೇಕಾದ ಅನುಕೂಲವೆಲ್ಲ ಅಲ್ಲಿದೆ.

1761ರ ಸುಮಾರಿಗೆ ಪೇಶವೆ ಮಾಧವರಾವನು ಮಿರಜವನ್ನು ಗೋವಿಂದ ಹರಿ ಪಟವರ್ಧನನ ಮನೆತನಕ್ಕೆ ವಹಿಸಿದ್ದು ಈ ಅನುಕೂಲವನ್ನು ನೋಡಿಯೇ. ಒಂದು ಕಡೆ ಕೊಲ್ಲಾಪುರದ ಮೇಲೆ ಕಣ್ಣಿಡಬೇಕಿತ್ತು. ಇನ್ನೊಂದು ಕಡೆ ಹೈದರಾಲಿ ತುಂಗಭದ್ರೆಯನ್ನು ದಾಟಿ ಬರುವುದನ್ನು ತಡೆಯಬೇಕಿತ್ತು. ಮನೆತನಕ್ಕೆ ದೊರೆತದ್ದು ಸರಂಜಾಮು, ಅಂದರೆ ಇಂತಿಷ್ಟು ಕುದುರೆಸವಾರರನ್ನು ಸಾಕುವ ಹೊಣೆಯೊಡನೆ ಬಂದ ಭೂಮಿ. ಹೊಣೆಯನ್ನು ಹೊತ್ತವನು ಸರದಾರ. ಆದರೆ ಅದನ್ನು ನಿಜವಾಗಿ ಪೂರೈಸುತ್ತಿದ್ದವರು ಸವಾರರು. ಅವರು ಎಲ್ಲಿ ವಾಸಿಸುತ್ತಿದ್ದರು ಎಂಬುದನ್ನು ತೀರ್ಮಾನಿಸುತ್ತಿದ್ದದ್ದು ಕುದುರೆ.

ಮರಾಠಾ ಅಶ್ವದಳದಲ್ಲಿ ಎರಡು ಬಗೆಯ ಸವಾರರಿದ್ದರು. ಸರಕಾರದ ಕುದುರೆಯನ್ನು ಏರುವವನು ಬಾರಗೀರ. ಅವನ ಕುದುರೆ ಸರದಾರನ ಪಾಗೆಯಲ್ಲಿರುತ್ತಿತ್ತು. ಆದ್ದರಿಂದ ಅವನೂ ಪಾಗೆಯ ಹತ್ತಿರವೇ ಇರಬೇಕಾಗಿತ್ತು. ತನ್ನದೇ ಕುದುರೆ, ತನ್ನದೇ ಆಯುಧಗಳೊಡನೆ ಸೇವೆಗೆ ಬರುವವನು ಶಿಲೇದಾರ. ದಂಡಯಾತ್ರೆಗೆ ಮುನ್ನ ಅವನಿಗೆ ನಾಲಬಂದಿಯೆಂಬ ಮುಂಗಡ ದೊರೆಯುತ್ತಿತ್ತು. ಕುದುರೆಯ ಹೊಟ್ಟೆಯ ಚಿಂತೆ ಅವನದೇ. ಮಿರಜದ ಪೇಟೆಯಲ್ಲಿ ಮೇವನ್ನು ಕೊಂಡು ವರ್ಷವಿಡೀ ಕುದುರೆ ಸಾಕುವುದು ಸಾಮಾನ್ಯ ಶಿಲೇದಾರನ ಶಕ್ತಿಗೆ ಮೀರಿದ ಮಾತು. ಹೊಳೆಸಾಲಿನ ಕುರಣದ ಹುಲ್ಲು, ಸ್ವಂತ ಹೊಲದ ಜೋಳದ ಕಣಿಕೆ ಸಿಗುವ ಹಳ್ಳಿಯಲ್ಲಿದ್ದರೆ ಮಾತ್ರ ಲೆಕ್ಕ ಸರಿಹೊಂದುತ್ತಿತ್ತು. ಹೀಗಾಗಿ ಶಿಲೇದಾರನ ಮನೆ ಹಳ್ಳಿಯಲ್ಲಿ, ಸೇವೆ ಮಿರಜದಲ್ಲಿ. ದಸರೆಯ ಸೀಮೋಲ್ಲಂಘನಕ್ಕೆ ಹೊರಟವನು ಮುಂಗಾರಿಗೆ ಮುನ್ನ ಮರಳಬೇಕು. ಮಳೆಗಾಲದಲ್ಲಿ ಹೊಲದ ಕೆಲಸ. ಇಂದಿನ ನೌಕರನು ದಿನಕ್ಕೊಮ್ಮೆ ಮಾಡುವ ಹೋಗುಬರವನ್ನು ಹದಿನೆಂಟನೆಯ ಶತಮಾನದ ಸವಾರ ವರ್ಷಕ್ಕೊಮ್ಮೆ ಮಾಡುತ್ತಿದ್ದನು. ಬಾರಗೀರನಿಗೆ ಹೋಲಿಸಿದರೆ ಶಿಲೇದಾರನಿಗೆ ಹೆಚ್ಚಿನ ಗೌರವವಿತ್ತೆಂದು ಹೇಳುವುದುಂಟು. ಸ್ವಂತ ಕುದುರೆಯಷ್ಟೇ ಆ ಗೌರವಕ್ಕೆ ಕಾರಣವಾಗಿರಲಾರದು. ಸರದಾರನ ಕೋಟೆಯ ನೆರಳಿನಿಂದ ಹೊರಗೆ ಅವನಿಗೊಂದು ಮನೆಯಿತ್ತು.

ಆ ಮನೆಯಲ್ಲಿ ಯಾವ ಭಾಷೆ ನಡೆಯುತ್ತಿತ್ತು? ಪಟವರ್ಧನರಿಗೆ ಹೊಣೆಯಾಗಿ ಬಂದ ಭೂಮಿಯಲ್ಲಿ ಕನ್ನಡ ನಾಡಿನ ಪಾಲು ದೊಡ್ಡದು. ಮುಂದೆ ಸಾಂಗಲಿಗೆ ಸೇರಿದ ತೇರದಾಳ, ಶಿರಹಟ್ಟಿ, ಶಹಾಪುರ, ಮಿರಜದ ಪಾಲಿಗೆ ಬಂದ ಲಕ್ಷ್ಮೇಶ್ವರ, ಇನ್ನೊಂದು ಶಾಖೆಯ ಜಮಖಂಡಿ ಎಲ್ಲವೂ ಕನ್ನಡದ ಊರುಗಳು. ಸವಾರರ, ಕಾಲಾಳುಗಳ, ಮೇವು ಹೊರುವವರ ಒಂದು ಭಾಗವಾದರೂ ಈ ಹಳ್ಳಿಗಳಿಂದ ಬಂದಿರಬೇಕೆಂಬುದು ಸಹಜವಾದ ಊಹೆ. ಆದರೆ ಠಾಣೆಯ ಬರಹವೆಲ್ಲ ಮೋಡಿ ಲಿಪಿಯ ಮರಾಠಿ. ಮಿರಜದಲ್ಲಿ ಶಾಲೆಯ ಉಪಾಧ್ಯಾಯರಾಗಿದ್ದ ವಾಸುದೇವಶಾಸ್ತ್ರಿ ಖರೆಯವರು ಪಟವರ್ಧನರ ದಫ್ತರದ ಪತ್ರಗಳನ್ನು ಆರಿಸಿ, 1897ರಿಂದ ತೊಡಗಿ ‘ಐತಿಹಾಸಿಕ ಲೇಖಸಂಗ್ರಹ’ದ ಸಂಪುಟಗಳಾಗಿ ಪ್ರಕಟಿಸಿದರು. ಒಬ್ಬ ಶಾಲಾಮಾಸ್ತರನು ಜೀವಮಾನವನ್ನೇ ತೆತ್ತು ಮಾಡಿದ ಈ ಕೆಲಸಕ್ಕೆ ದಕ್ಷಿಣ ಮಹಾರಾಷ್ಟ್ರ ಮತ್ತು ಉತ್ತರ ಕರ್ನಾಟಕದ ಇತಿಹಾಸಕಾರರು ಸಮಾನವಾಗಿ ಋಣಿಗಳು. ಆದರೂ ಪತ್ರಗಳ ಸ್ವಭಾವವೇ ಹಾಗಿದೆ: ಅವು ಸರದಾರರು ಸರದಾರರಿಗೆ ಬರೆದವು. ಸವಾರ ಅಲ್ಲಿ ಸಂಖ್ಯೆಯಾಗಿ ಬರುತ್ತಾನೆ. ಚಾಕರಿಯಲ್ಲಿದ್ದಷ್ಟು ತಿಂಗಳು ಅವನು ಮರಾಠಿ ದಫ್ತರಕ್ಕೆ ಸೇರಿದವನು. ಮನೆಗೆ ಮರಳಿದ ಮೇಲೆ ಯಾವ ದಫ್ತರಕ್ಕೂ ಸೇರದವನು. ಠಾಣೆಯ ಕಾಗದಗಳನ್ನು ಮಾತ್ರ ಓದಿ ಈ ಸೀಮೆಯ ಭಾಷೆಯನ್ನು ನಿರ್ಣಯಿಸುವವರು ಇವನ ವರ್ಷದ ಅರ್ಧವನ್ನು ಕಾಣದೆ ಹೋಗುತ್ತಾರೆ.

ಠಾಣೆಯಲ್ಲೇ ಮನೆ ಮಾಡಿದವರ ಪಾಡು ಏನಾಗಬಹುದೆಂಬುದನ್ನು ಪಟವರ್ಧನರೇ ಅನುಭವಿಸಿದರು. 1763ರಲ್ಲಿ ಪೇಶವೆಯ ಚಿಕ್ಕಪ್ಪ ರಘುನಾಥರಾವನು ಗೋಪಾಳರಾವ ಪಟವರ್ಧನನ ಮೇಲಿನ ಸಿಟ್ಟಿನಿಂದ ಮಿರಜವನ್ನು ವಶಪಡಿಸಿಕೊಂಡಾಗ, ಮನೆತನವು ಅಧಿಕಾರವನ್ನೂ ಮನೆಯನ್ನೂ ಒಟ್ಟಿಗೆ ಕಳೆದುಕೊಂಡಿತು. ಅದು ಬೇಗ ಮರಳಿ ಬಂತೆಂಬುದು ನಿಜ. ಮುಂದೆ 1777ರಲ್ಲಿ ಧಾರವಾಡದ ದಕ್ಷಿಣಕ್ಕಿರುವ ಸಂಶಿಯ ಬಳಿ ಹೈದರನ ಸೈನ್ಯದೆದುರು ಸೋಲಾಯಿತು. ಕೋನ್ಹೇರರಾವ ಮಡಿದನು, ಸೆರೆಸಿಕ್ಕ ಪಾಂಡುರಂಗರಾವ ಶ್ರೀರಂಗಪಟ್ಟಣದ ಬಂಧನದಲ್ಲೇ ತೀರಿಕೊಂಡನು. ಅವನ ಎಳೆಯ ಮಗ ಚಿಂತಾಮಣರಾವ, ಅಪ್ಪಾಸಾಹೇಬನೆಂದು ಪ್ರಸಿದ್ಧನಾದವನು, ಮಿರಜದ ಕೋಟೆಯಲ್ಲಿ ಚಿಕ್ಕಪ್ಪ ಗಂಗಾಧರರಾವನ ಆಡಳಿತದಡಿ ಬೆಳೆದನು. ಹಕ್ಕಿನ ದೃಷ್ಟಿಯಿಂದ ಕೋಟೆ ಅವನದು. ಬೀಗದ ಕೈ ಚಿಕ್ಕಪ್ಪನದು. ಪ್ರಾಯಕ್ಕೆ ಬಂದ ಮೇಲೆ ಇಬ್ಬರಿಗೂ ಹೊಂದಲಿಲ್ಲ. 1801ರ ಸುಮಾರಿಗೆ ಚಿಂತಾಮಣರಾವ ಮಿರಜವನ್ನು ಬಿಟ್ಟು ಸಾಂಗಲಿಗೆ ಬಂದು ನೆಲೆಸಿದನು.

ಆಗಿನ ಸಾಂಗಲಿ ಕೃಷ್ಣೆಯ ದಡದ ಸಣ್ಣ ಹಳ್ಳಿ. ಆರು ಗಲ್ಲಿಗಳ ಊರಾದ್ದರಿಂದ ಮರಾಠಿಯಲ್ಲಿ ‘ಸಹಾ ಗಲ್ಲಿ’ಯೆನಿಸಿ ಸಾಂಗಲಿಯಾಯಿತೆಂದು ಜನ ಹೇಳುತ್ತಾರೆ; ಭಾಷಾಶಾಸ್ತ್ರ ಇದನ್ನು ಒಪ್ಪದಿದ್ದರೂ ಊರಿನ ಗಾತ್ರದ ನೆನಪು ಈ ಕಥೆಯಲ್ಲಿ ಉಳಿದಿದೆ. ಚಿಂತಾಮಣರಾವನಿಗೆ ಬೇರೆ ಊರುಗಳಿರಲಿಲ್ಲವೆಂದಲ್ಲ. ಅವನ ಪಾಲಿನ ಭೂಮಿ ಮಂಗಳವೇಢೆಯಿಂದ ಶಿರಹಟ್ಟಿಯವರೆಗೆ ಚೂರುಚೂರಾಗಿ ಹರಡಿತ್ತು. ಅವುಗಳಲ್ಲಿ ಯಾವುದನ್ನಾದರೂ ರಾಜಧಾನಿ ಮಾಡಿಕೊಳ್ಳಬಹುದಿತ್ತು. ಆದರೂ ಅವನು ಆರಿಸಿಕೊಂಡದ್ದು ಮಿರಜದ ಬುರುಜುಗಳಿಗೆ ಅತ್ಯಂತ ಹತ್ತಿರದ ಹೊಳೆಯ ದಡವನ್ನು. ಸವಾರರ ಕಡೆಯಿಂದ ನೋಡಿದಾಗ ಇದರ ಅರ್ಥ ತಿಳಿಯಾಗುತ್ತದೆ. ಪಾಗೆ, ಪೇಟೆ, ಸಾಹುಕಾರರು, ಕುದುರೆಗೆ ಲಾಳ ಹೊಡೆಯುವವರು, ಶಸ್ತ್ರ ಸಾಣೆ ಹಿಡಿಯುವವರು ಎಲ್ಲರೂ ಮಿರಜದ ಸುತ್ತ ನೆಲೆ ನಿಂತಿದ್ದರು. ಇವರನ್ನು ತೇರದಾಳಕ್ಕೋ ಶಿರಹಟ್ಟಿಗೋ ಕರೆದೊಯ್ಯುವುದೆಂದರೆ ಸೈನ್ಯವನ್ನು ಹೊಸದಾಗಿ ಕಟ್ಟಿದಂತೆಯೇ. ಆರು ಮೈಲಿಯ ದೂರದಲ್ಲಿದ್ದರೆ ಯಾರೂ ಮನೆಯನ್ನು ಬದಲಿಸದೆ ಒಡೆಯನನ್ನು ಬದಲಿಸಬಹುದಾಗಿತ್ತು. ಮೇವಿನ ಅನುಕೂಲವೂ ಸಾಂಗಲಿಯದೇ. ವಾರಣಾ ನದಿ ಕೃಷ್ಣೆಯನ್ನು ಕೂಡುವ ಹರಿಪುರದ ಸಂಗಮ ಅಲ್ಲಿಂದ ಕೂಗಳತೆಯಲ್ಲಿದೆ.

ಗಣೇಶದುರ್ಗವೆಂಬ ಕೋಟೆ ಎದ್ದಿತು, ಗಣಪತಿಯ ಗುಡಿ ಎದ್ದಿತು, ಪೇಟೆ ಬೆಳೆಯಿತು. ಈ ಆಯ್ಕೆಗೆ ತೆರಬೇಕಾದ ಬೆಲೆಯೂ ಇತ್ತು. ಹೊಳೆಯ ದಡದಲ್ಲಿ ಮನೆ ಮಾಡಿದವರನ್ನು ಹೊಳೆಯೂ ಬಂದು ನೋಡುತ್ತದೆ. 2005 ಮತ್ತು 2019ರ ನೆರೆಯಲ್ಲಿ ಮುಳುಗಿದ್ದು ಅಪ್ಪಾಸಾಹೇಬನ ಊರು. ಎತ್ತರದ ಮಿರಜ ಅಷ್ಟಾಗಿ ನಲುಗಲಿಲ್ಲ.

ಮಿರಜದಲ್ಲಿ ಉಳಿದವರೂ ಒಂದೇ ಮನೆಯಲ್ಲಿ ಉಳಿಯಲಿಲ್ಲ. ಬ್ರಿಟಿಷರ ಒಪ್ಪಿಗೆಯೊಡನೆ 1820ರಲ್ಲಿ ಮಿರಜದ ಸಂಸ್ಥಾನ ನಾಲ್ಕು ಪಾಲಾಯಿತು. ಗಂಡು ಸಂತಾನವಿಲ್ಲದೆ ಎರಡು ಪಾಲುಗಳು 1842 ಮತ್ತು 1845ರಲ್ಲಿ ಕಂಪನಿ ಸರಕಾರಕ್ಕೆ ಸೇರಿದವು. ಉಳಿದ ಎರಡರಲ್ಲಿ ಕಿರಿಯ ಶಾಖೆಯ ಅರಸರು ಹೆಸರಿಗೆ ಮಿರಜದವರಾಗಿದ್ದುಕೊಂಡೇ ಸಾಂಗಲಿಯ ಹತ್ತಿರದ ಬುಧಗಾಂವದಲ್ಲಿ ವಾಡೆ ಕಟ್ಟಿಕೊಂಡು ಬಾಳಿದರು. ಹೆಸರು ಒಂದು ಊರಿನದು, ಒಲೆ ಇನ್ನೊಂದು ಊರಿನದು ಎಂಬ ಏರ್ಪಾಡು ಹೀಗೆ ಸವಾರರಿಂದ ಅರಸರವರೆಗೂ ಏರಿತು.

1818ರಲ್ಲಿ ಪೇಶವೆಯ ಆಳ್ವಿಕೆ ಮುಗಿಯಿತು. ಮರುವರ್ಷದ ಒಪ್ಪಂದಗಳಲ್ಲಿ ಪಟವರ್ಧನರ ಸೈನಿಕ ಸೇವೆಯ ಪ್ರಮಾಣವನ್ನು ಬ್ರಿಟಿಷರು ಬಹುವಾಗಿ ಇಳಿಸಿದರು. ಚಿಂತಾಮಣರಾವನು ಸವಾರರನ್ನು ಕಳಿಸುವುದರ ಬದಲು ಆದಾಯವುಳ್ಳ ಭೂಮಿಯನ್ನು ಬಿಟ್ಟುಕೊಡುವ ದಾರಿಯನ್ನು ಹಿಡಿದನು. ಸೇವೆಗಾಗಿ ದೊರೆತ ಭೂಮಿಯ ಒಂದು ಭಾಗವನ್ನು ಕೊಟ್ಟು ಸೇವೆಯಿಂದಲೇ ಬಿಡುಗಡೆ ಪಡೆದುದು ವಿಚಿತ್ರವಾಗಿ ಕಾಣಬಹುದು. ಮನೆ ಸ್ವಂತದ್ದಾಗಬೇಕೆಂದು ಠಾಣೆಯನ್ನು ಬಿಟ್ಟು ಬಂದಿದ್ದವನಿಗೆ ಅದು ವಿಚಿತ್ರವೆನಿಸಿರಲಾರದು. ಅವನು 1851ರವರೆಗೆ ಬದುಕಿದ್ದನು.

ಠಾಣೆ ಬರಿದಾದಾಗ ಅದನ್ನು ನಂಬಿ ಮನೆ ಮಾಡಿದವರು ಏನು ಮಾಡಿದರು? ಶಿಲೇದಾರನಿಗೆ ಹೊಲವಿತ್ತು. ಕೋಟೆಯ ಸುತ್ತಲಿನ ಶಿಕಲಗಾರರಿಗೆ ಅದೂ ಇರಲಿಲ್ಲ. ಕತ್ತಿ, ಭರ್ಚಿಗಳನ್ನು ಮಾಡಿ ಸಾಣೆ ಹಿಡಿಯುವುದು ಅವರ ಕುಲವೃತ್ತಿ. ಅವರು ಊರನ್ನು ಬಿಡದೆ ಕೆಲಸವನ್ನು ಬದಲಿಸಿದರು. ಹತ್ತೊಂಬತ್ತನೆಯ ಶತಮಾನದ ನಡುಭಾಗದಲ್ಲಿ ಫರೀದಸಾಹೇಬನೆಂಬ ಶಿಕಲಗಾರನು ತಂತಿವಾದ್ಯಗಳನ್ನು ಮಾಡಲು ತೊಡಗಿದನೆಂದು ಆ ಮನೆತನಗಳ ಪರಂಪರೆ ನೆನೆಯುತ್ತದೆ. ಇಂದು ಮಿರಜದ ಸಿತಾರು, ತಂಬೂರಿಗಳಿಲ್ಲದೆ ಹಿಂದೂಸ್ತಾನಿ ಸಂಗೀತದ ಸಭೆಯನ್ನು ಕಲ್ಪಿಸಿಕೊಳ್ಳುವುದು ಕಷ್ಟ. ಉಸ್ತಾದ್ ಅಬ್ದುಲ್ ಕರೀಮ್ ಖಾನರು ಮಿರಜದಲ್ಲಿ ನೆಲೆಸಿದ್ದರ ಬಗ್ಗೆ ಬೇಕಾದಷ್ಟು ಬರಹಗಳಿವೆ; ಅವರ ಶ್ರುತಿಗೆ ತಂಬೂರಿ ಒದಗಿಸಿದ ಬೀದಿ ಒಂದು ಕಾಲದ ಆಯುಧದ ಬೀದಿಯೆಂಬುದನ್ನು ನೆನೆಯುವವರು ಕಡಿಮೆ.

ದಂಡಿನ ಠಾಣೆ ಈಗ ದಕ್ಷಿಣಕ್ಕೆ ಸರಿಯಿತು. 1818ರ ಮಾರ್ಚ್–ಏಪ್ರಿಲ್‌ನಲ್ಲಿ ಥಾಮಸ್ ಮನ್ರೋ ಬೆಳಗಾವಿಯ ಕೋಟೆಯನ್ನು ಮುತ್ತಿ ಹಿಡಿದನು. 1830ರ ದಶಕದ ಹೊತ್ತಿಗೆ ಕೋಟೆಯ ಹೊರಗೆ ದಂಡುಪ್ರದೇಶ ರೂಪುಗೊಂಡಿತ್ತು. ಅದಕ್ಕೆ ಮರಾಠಿಯಲ್ಲಿ ‘ಛಾವಣಿ’. ಮಳೆಗಾಲದಲ್ಲಿ ಸೈನ್ಯ ಸೂರು ಹೊದಿಸಿಕೊಂಡು ತಂಗುವ ತಾಣವೆಂಬುದು ಅದರ ಹಳೆಯ ಅರ್ಥ. ಕನ್ನಡಿಗರು ಅದೇ ಶಬ್ದವನ್ನು ತಮ್ಮ ಮನೆಯ ಮಾಡಿಗೆ ಬಳಸುತ್ತಾರೆ. ಬೆಳಗಾವಿಯ ದಂಡಿನಲ್ಲಿ ವ್ಯವಹಾರವಿದ್ದ ಅನೇಕರು ತಮ್ಮ ಕನ್ನಡದ ಛಾವಣಿಯನ್ನು ಮರಾಠಿಯ ಛಾವಣಿಯಿಂದ ಸ್ವಲ್ಪ ದೂರದಲ್ಲೇ ಇಟ್ಟುಕೊಂಡರು. ಆ ದೂರದ ಹೆಸರು ಶಹಾಪುರ. ಇಲ್ಲಿಗೆ ಮಿರಜ–ಸಾಂಗಲಿಯ ಕಥೆ ಮತ್ತೆ ಕೂಡಿಕೊಳ್ಳುತ್ತದೆ.

ಶಹಾಪುರವು ಬೆಳಗಾವಿಗೆ ಅಂಟಿಕೊಂಡಿದ್ದರೂ ಸಾಂಗಲಿ ಸಂಸ್ಥಾನದ ನೆಲ. ನೇಕಾರರು, ಬಣ್ಣಗಾರರು, ಅಕ್ಕಸಾಲಿಗರು, ಲೇವಾದೇವಿಯ ಸಾಹುಕಾರರು ನೆರೆದಿದ್ದ ಆ ಪೇಟೆಯ ಸೀರೆಗಳಿಗೆ ದೂರದೂರದವರೆಗೆ ಹೆಸರಿತ್ತು. ಸಂಸ್ಥಾನದ ವ್ಯಾಪಾರಕೇಂದ್ರಗಳಲ್ಲಿ ಅದು ಮುಖ್ಯವಾದದ್ದು. ದಂಡಿನ ಬಜಾರು ಕಾಲ್ನಡಿಗೆಯ ದೂರ. ಅಲ್ಲಿ ಲಾಭವಿತ್ತು, ಅಲ್ಲಿಯೇ ಮನೆ ಕಟ್ಟಿಸಿ ನೆಲೆಸುವುದಕ್ಕೆ ಮಾತ್ರ ಹಿಂಜರಿಕೆಯ ಕಾರಣಗಳಿದ್ದವು. ದಂಡುಪ್ರದೇಶಗಳ ಹಳೆಯ ಕರಾರುಗಳ ಪ್ರಕಾರ ನೆಲದ ಒಡೆತನ ಸರಕಾರದ್ದು. ಕಟ್ಟಿಸಿದವನಿಗೆ ಸೇರಿದ್ದು ಗೋಡೆ ಮತ್ತು ಮಾಡು ಮಾತ್ರ. ಸೈನ್ಯಕ್ಕೆ ಬೇಕಾದಾಗ ಅಲ್ಪ ಮುನ್ಸೂಚನೆಯ ಮೇಲೆ, ಕಟ್ಟಡದ ಬೆಲೆ ಕೊಟ್ಟು, ನೆಲವನ್ನು ಹಿಂದಕ್ಕೆ ಪಡೆಯಬಹುದಾಗಿತ್ತು. 1902ರ ದಂಡುಪ್ರದೇಶಗಳ ವಸತಿ ಕಾಯಿದೆ ಇನ್ನೂ ಮುಂದೆ ಹೋಯಿತು. ಅದು ಅನ್ವಯವಾದ ಕಡೆಗಳಲ್ಲಿ ಸೈನ್ಯಾಧಿಕಾರಿಗೆ ಮನೆ ಬೇಕಾದರೆ ಮಾಲೀಕನು ಬಾಡಿಗೆಗೆ ಕೊಡಲೇಬೇಕೆಂದು ಒತ್ತಾಯಿಸಲು ಅವಕಾಶವಿತ್ತು. 1923ರಲ್ಲಿ ಅದೇ ಹೆಸರಿನ ಹೊಸ ಕಾಯಿದೆ ಅದರ ಸ್ಥಾನಕ್ಕೆ ಬಂತು. ಪೂಜೆಯ ಕೋಣೆ, ಹಗೇವು, ದನದ ಕೊಟ್ಟಿಗೆಗಳಿರುವ ಮನೆಯನ್ನು ಇಂಥ ನೆಲದಲ್ಲಿ ಯಾವ ಧೈರ್ಯದ ಮೇಲೆ ಕಟ್ಟುವುದು? ಸಾಂಗಲಿಯ ಆಳ್ವಿಕೆಯ ಶಹಾಪುರದಲ್ಲಿ ಆ ಕಾಯಿದೆಗಳು ನಡೆಯುತ್ತಿರಲಿಲ್ಲ. ಹಗಲು ಬ್ರಿಟಿಷರ ನೆಲದಲ್ಲಿ ದುಡಿದು ರಾತ್ರಿ ಪಟವರ್ಧನರ ನೆಲದಲ್ಲಿ ಮಲಗುವುದು ವ್ಯಾಪಾರಿಗೆ ಬುದ್ಧಿವಂತಿಕೆಯ ದಾರಿಯಾಗಿ ತೋರಿದ್ದರೆ ಆಶ್ಚರ್ಯವಿಲ್ಲ.

ಈ ಏರ್ಪಾಡು ಭಾಷೆಯ ಮೇಲೂ ನಡೆಯಿತು. ಶಹಾಪುರದ ಬೀದಿಗಳಲ್ಲಿ ಕನ್ನಡ ಮತ್ತು ಮರಾಠಿಗಳೆರಡೂ ಇದ್ದವು. ಕಚೇರಿಯ ಮರಾಠಿ ಸಾಂಗಲಿಯಿಂದ ಬಂದದ್ದು, ದಂಡಿನ ಉರ್ದು–ಹಿಂದುಸ್ತಾನಿ ಮತ್ತು ಇಂಗ್ಲಿಷು ಎದುರಿನಿಂದ ಬಂದವು. ಹೀಗೆ ಮನೆಯೊಳಗಿನ ಭಾಷೆಗೆ ದುಡಿಮೆಯ ಭಾಷೆಯಿಂದಲೂ ಆಡಳಿತದ ಭಾಷೆಯಿಂದಲೂ ಬೇರೆಯಾಗಿ ಉಳಿಯಲು ಒಂದು ಜಾಗ ದೊರೆಯಿತು. ಗಡಿಯ ಕನ್ನಡ ಶತಮಾನಗಳ ಮರಾಠಿ ಆಡಳಿತದಲ್ಲಿಯೂ ಹೇಗೆ ಬಾಳಿತು ಎಂಬುದಕ್ಕೆ ಮಠ, ಪುರಾಣಶ್ರವಣ, ಶಾಲೆಗಳನ್ನು ಕಾರಣವಾಗಿ ಹೇಳುತ್ತಾರೆ. ಈ ಪಟ್ಟಿಗೆ ವಾಸದ ಆಯ್ಕೆಯನ್ನೂ ಸೇರಿಸಬೇಕಾಗಿದೆ. ಶಹಾಪುರದ ಸರಕಾರಿ ಪ್ರೌಢಶಾಲೆಯೊಂದು ಇಂದಿಗೂ ಚಿಂತಾಮಣರಾವ ಎಂಬ ಸಾಂಗಲಿಯ ಅರಸುಹೆಸರನ್ನು ಹೊತ್ತಿದೆ.

1880ರ ದಶಕದ ಕೊನೆಗೆ ದಕ್ಷಿಣ ಮರಾಠಾ ರೈಲು ಪುಣೆ, ಮಿರಜ, ಬೆಳಗಾವಿಗಳನ್ನು ಒಂದು ದಾರಕ್ಕೆ ಪೋಣಿಸಿತು. ಮುಖ್ಯ ಮಾರ್ಗ ಸಾಂಗಲಿಯನ್ನು ಮುಟ್ಟಲಿಲ್ಲ. ಅದಕ್ಕೊಂದು ಕವಲುದಾರಿ ಸಿಕ್ಕಿದ್ದು 1907ರಲ್ಲಿ. ಸವಾರರ ಕಾಲದಲ್ಲಿ ಸಾಂಗಲಿಗೆ ಸೋತಿದ್ದ ಮಿರಜ ರೈಲಿನ ಕಾಲದಲ್ಲಿ ಗೆದ್ದಿತೆನ್ನಬಹುದು. 1922ರ ಸೈನ್ಯದ ಪುನಾರಚನೆಯಲ್ಲಿ ಮರಾಠಾ ಪದಾತಿದಳದ ತರಬೇತಿಯ ನೆಲೆ ಬೆಳಗಾವಿಯಲ್ಲಿ ನಿಂತಿತು. ಮರಾಠಾ ಲಘು ಪದಾತಿದಳದ ಕೇಂದ್ರ ಇಂದಿಗೂ ಅಲ್ಲಿಯೇ ಇದೆ. ಸಾತಾರಾ, ಸಾಂಗಲಿ, ಕೊಲ್ಲಾಪುರಗಳ ಹಳ್ಳಿಯ ಹುಡುಗರಿಗೆ ಸೇನೆಯ ಬಾಗಿಲೆಂದರೆ ಬೆಳಗಾವಿ. ಬೆಳಗಾವಿಗೆ ಹೋಗುವ ಬಾಗಿಲು ಮಿರಜ. ಎರಡರ ನಡುವೆ ರೈಲಿನಲ್ಲಿ ಸುಮಾರು 140 ಕಿಲೋಮೀಟರು. ದಿನವೂ ಹೋಗಿಬರುವ ದೂರ ಅದಲ್ಲ. ಹೆಂಡತಿ ಮಕ್ಕಳನ್ನು ಕರೆದೊಯ್ಯಲೇಬೇಕಾದಷ್ಟು ದೂರವೂ ಅಲ್ಲ. ಸಾಮಾನ್ಯ ಸಿಪಾಯಿಗೆ ಕುಟುಂಬದ ವಸತಿ ಸರದಿಯ ಮೇಲೆ ದೊರೆಯುವಂಥದ್ದು, ಅದೂ ಕೆಲವು ಕಾಲಕ್ಕೆ. ಹೊಲ, ಮುದುಕರು, ದನಕರುಗಳನ್ನು ಬಿಟ್ಟು ಹೊರಡುವುದಕ್ಕಿಂತ ಮನೆಯನ್ನು ಹಳ್ಳಿಯಲ್ಲಿಯೇ ಇರಿಸಿ ರಜೆಗೆ ಬರುವುದೇ ವಾಡಿಕೆಯಾಯಿತು. ಶಿಲೇದಾರನ ಲೆಕ್ಕವೇ ಇದು. ಕುದುರೆಯ ಜಾಗದಲ್ಲಿ ಮನಿಯಾರ್ಡರ್ ಬಂದಿತ್ತು.

ಮಿರಜದಿಂದ ಕೆಲವೇ ಹರದಾರಿ ದೂರದಲ್ಲಿ, ಕೊಲ್ಲಾಪುರ ಜಿಲ್ಲೆಯ ಶಿರೋಳ ತಾಲೂಕಿನಲ್ಲಿ, ಟಾಕಳಿಯೆಂಬ ಹಳ್ಳಿಯಿದೆ. ಮನೆಮನೆಯಿಂದಲೂ ಸೇನೆಗೆ ಆಳು ಕೊಟ್ಟ ಊರೆಂದು ಜನ ಅದನ್ನು ಸೈನಿಕ ಟಾಕಳಿಯೆಂದೇ ಕರೆಯುತ್ತಾರೆ. ದಂಡು ಊರಿನಲ್ಲಿಲ್ಲ, ಊರಿನ ಹೆಸರಿನಲ್ಲಿದೆ.

1948ರ ಮಾರ್ಚಿನಲ್ಲಿ ಸಾಂಗಲಿ, ಮಿರಜ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ವಿಲೀನವಾದವು. ಶಹಾಪುರಕ್ಕೂ ಸಾಂಗಲಿಗೂ ಇದ್ದ ಸಂಬಂಧ ಅಲ್ಲಿಗೆ ಕಡಿಯಿತು. ಆ ಊರು ಬೆಳಗಾವಿಯ ಬಡಾವಣೆಯಾಯಿತು. 1956ರ ನವೆಂಬರ್ 1ರಂದು ಬೆಳಗಾವಿ ಮೈಸೂರು ರಾಜ್ಯಕ್ಕೆ ಬಂದಾಗ, ಮಿರಜ ಮತ್ತು ಬೆಳಗಾವಿಗಳ ನಡುವಿನ ರೈಲುದಾರಿಯ ಮೇಲೆ ರಾಜ್ಯಗಳ ಗಡಿಯೊಂದು ಹಾದುಹೋಯಿತು. ಭಾಷಾವಾರು ವಿಂಗಡಣೆಗೆ ಆಧಾರವಾದದ್ದು ಜನಗಣತಿ. ಜನಗಣತಿ ಲೆಕ್ಕ ಹಾಕುವುದು ಎಣಿಕೆಯ ಹೊತ್ತಿಗೆ ಮನುಷ್ಯ ಯಾವ ಸೂರಿನ ಕೆಳಗಿದ್ದಾನೆ, ಅವನ ತಾಯ್ನುಡಿ ಯಾವುದು ಎಂಬುದನ್ನು. ಮನೆಯೊಂದು ಕಡೆ, ಸೇವೆ ಇನ್ನೊಂದು ಕಡೆ ಇರುವವನನ್ನು ಬರೆಯಲು ಆ ಹಾಳೆಯಲ್ಲಿ ಒಂದೇ ಅಂಕಣ. ಜತ್ತ ತಾಲೂಕಿನ ಪೂರ್ವದ ಹಳ್ಳಿಗಳಲ್ಲಿ ಇಂದಿಗೂ ಮನೆಮಾತು ಕನ್ನಡ. ಅಲ್ಲಿಂದ ಸೇನೆ ಸೇರಿದ ಯುವಕ ಕರ್ನಾಟಕದ ಬೆಳಗಾವಿಯಲ್ಲಿ ಮರಾಠಿ ಮತ್ತು ಹಿಂದಿಯ ನಡುವೆ ಕವಾಯತು ಕಲಿತು, ರಜೆಗೆ ಮಹಾರಾಷ್ಟ್ರದ ತನ್ನ ಊರಿಗೆ ಕನ್ನಡಕ್ಕೆ ಮರಳುತ್ತಾನೆ. ರಾಜ್ಯಗಳ ಹೆಸರನ್ನು ನೋಡಿ ಭಾಷೆಯನ್ನು ಊಹಿಸುವವನಿಗೆ ಈ ಪ್ರಯಾಣ ತಲೆಕೆಳಗಾಗಿ ಕಾಣುತ್ತದೆ.

1971ರಲ್ಲಿ ಪುಣೆಯಿಂದ ಮಿರಜದವರೆಗಿನ ಹಳಿ ಅಗಲವಾಯಿತು. ಮಿರಜದಿಂದ ಬೆಳಗಾವಿಯ ಕಡೆಗಿನದು ಮೀಟರ್ ಗೇಜಾಗಿಯೇ ಉಳಿಯಿತು. ಹೆಚ್ಚುಕಡಿಮೆ ಎರಡು ದಶಕಗಳ ಕಾಲ ಉತ್ತರದಿಂದ ಬಂದ ಪ್ರತಿಯೊಬ್ಬ ಸಿಪಾಯಿಯೂ ಮಿರಜದಲ್ಲಿ ಇಳಿದು, ತಗಡಿನ ಟ್ರಂಕನ್ನು ಹೆಗಲಿಗೇರಿಸಿಕೊಂಡು, ಎದುರಿನ ಪ್ಲಾಟ್‌ಫಾರಂನಲ್ಲಿ ನಿಂತ ಸಣ್ಣ ಗಾಡಿಗೆ ಹತ್ತಬೇಕಾಗಿತ್ತು.